ಕ್ರಿಸ್‌ಮಸ್‌ಗೆ ಮುಂಚಿನ ವಿಯೆನ್ನಾ: ಮಕ್ಕಳು, ಹಿರಿಯರ ಜೊತೆ ಒಂದು ವಾರದ ಪ್ರವಾಸಕ್ಕೆ ಪೂರ್ತಿ ತಯಾರಿ

ಡಿಸೆಂಬರ್ ನಡುವಿನ ವಿಯೆನ್ನಾದಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 7.40ರ ಸುಮಾರಿಗೆ, ಮುಳುಗುವುದು ಸಂಜೆ 4ಕ್ಕೆ. ಎಂಟೂವರೆ ಗಂಟೆಯೂ ತುಂಬದ ಈ ಹಗಲನ್ನು ಹೇಗೆ ಹಂಚುತ್ತೀರಿ ಎನ್ನುವುದರ ಮೇಲೆ ಇಡೀ ಪ್ರವಾಸ ನಿಂತಿದೆ. ಬೇಸಿಗೆಯಲ್ಲಿ ಯುರೋಪ್ ನೋಡಿ ಬಂದವರು ಅದೇ ರೂಢಿಯಲ್ಲಿ ದಿನಕ್ಕೆ ನಾಲ್ಕು ಜಾಗ ಬರೆದುಕೊಂಡು ಹೋಗುತ್ತಾರೆ. ಎರಡನೆಯದು ಮುಗಿಯುವಷ್ಟರಲ್ಲಿ ಕತ್ತಲಾಗಿರುತ್ತದೆ, ಮಕ್ಕಳು ಹಸಿವಿನಿಂದ ಹಟ ಹಿಡಿದಿರುತ್ತಾರೆ, ಅಜ್ಜಿಯ ಮಂಡಿ ಚಳಿಗೆ ಸೆಟೆದುಕೊಂಡಿರುತ್ತದೆ. ಅದರ ಬದಲು ಬೆಳಗ್ಗೆ ಬೆಳಕಿರುವಾಗ ಹೊರಗಿನದೊಂದು, ಮಧ್ಯಾಹ್ನ ಬೆಚ್ಚಗಿನ ಕಟ್ಟಡದೊಳಗೆ ಒಂದು, ನಾಲ್ಕು ಗಂಟೆಗೆ ದೀಪ ಹತ್ತಿದ ಮೇಲೆ ಕ್ರಿಸ್‌ಮಸ್ ಮಾರುಕಟ್ಟೆ ಎಂದು ಇಟ್ಟುಕೊಳ್ಳಿ. ಮುಂದಿನದೆಲ್ಲ ಈ ಲೆಕ್ಕದ ಮೇಲೆಯೇ ಇದೆ.

1. ತಾರೀಕು ಗೊತ್ತುಮಾಡುವುದು

ವಿಯೆನ್ನಾದ ಮಾರುಕಟ್ಟೆಗಳು ನವೆಂಬರ್ ಮಧ್ಯದಿಂದ ಶುರುವಾಗುತ್ತವೆ. ಪುರಭವನದ ಮುಂದಿನ ರಾಟ್‌ಹೌಸ್‌ಪ್ಲಾಟ್ಸ್ ಮಾರುಕಟ್ಟೆ ಡಿಸೆಂಬರ್ 26ರವರೆಗೆ ಇರುತ್ತದೆ, ಕಾರ್ಲ್ಸ್‌ಪ್ಲಾಟ್ಸ್‌ನದು 23ಕ್ಕೇ ಮುಗಿಯುತ್ತದೆ, ಶೋನ್‌ಬ್ರುನ್ ಅರಮನೆಯದು ಹೊಸ ವರ್ಷದ ಆಚೆಗೂ ನಡೆಯುತ್ತದೆ.

ಬೆಂಗಳೂರಿನ ಎಷ್ಟೋ ಶಾಲೆಗಳಿಗೆ ಕ್ರಿಸ್‌ಮಸ್ ರಜೆ ಸಿಗುವುದು 23 ಅಥವಾ 24ರಿಂದ. ಹಾಗಾಗಿ 23ಕ್ಕೆ ಹೊರಡೋಣ ಅನ್ನಿಸುವುದು ಸಹಜ, ಆದರೆ ಎಡವಟ್ಟಾಗುವುದು ಅಲ್ಲೇ. ಆಸ್ಟ್ರಿಯಾದಲ್ಲಿ ಹಬ್ಬದ ಮುಖ್ಯ ಹೊತ್ತು 24ರ ಸಂಜೆ. ಅಂದು ಮಧ್ಯಾಹ್ನ 2ರ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕುತ್ತವೆ, ಮಾರುಕಟ್ಟೆಗಳು ಬೇಗ ಮುಚ್ಚುತ್ತವೆ, ಊರೇ ಮನೆಯೊಳಗೆ ಸೇರುತ್ತದೆ. 25 ಮತ್ತು 26 ಎರಡೂ ಸರ್ಕಾರಿ ರಜೆ. ಮುಂಗಡ ಕಾಯ್ದಿರಿಸದಿದ್ದರೆ ರಾತ್ರಿ ಊಟಕ್ಕೂ ಪರದಾಡಬೇಕಾಗುತ್ತದೆ. ಮಕ್ಕಳಿಗೆ ಶಾಲೆಯಲ್ಲಿ ನಾಲ್ಕೈದು ದಿನದ ರಜೆ ಕೇಳಿಯಾದರೂ ಡಿಸೆಂಬರ್ 20ರೊಳಗೆ ಮುಗಿಸುವುದೇ ಒಳ್ಳೆಯದು.

ಭಾನುವಾರ ತಲುಪಿ, ಸೋಮವಾರದಿಂದ ಶುಕ್ರವಾರದವರೆಗೆ ಊರು ನೋಡಿ, ಶನಿವಾರ ಹೊರಡುವುದು ಅತ್ಯಂತ ಅನುಕೂಲದ ಜೋಡಣೆ. ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ರಾಟ್‌ಹೌಸ್ ಮಾರುಕಟ್ಟೆಯಲ್ಲಿ ಸ್ಟ್ರೋಲರ್ ಮುಂದೆ ಸರಿಯದಷ್ಟು ಜನ ಇರುತ್ತಾರೆ. ಡಿಸೆಂಬರ್ 8 ಮೇರಿ ಮಾತೆಯ ಹಬ್ಬದ ರಜೆ. ಅಂಗಡಿಗಳಿಗೆ ಅಂದು ತೆರೆಯಲು ಅನುಮತಿ ಇರುವುದರಿಂದ ಪೇಟೆ ಬೀದಿಗಳು ತುಂಬಿರುತ್ತವೆ. ಡಿಸೆಂಬರ್ 5ರ ಆಸುಪಾಸಿನಲ್ಲಿ ಹೋಗುವವರು ಇನ್ನೊಂದು ವಿಷಯ ತಿಳಿದಿರಬೇಕು. ಕೊಂಬು, ಕೂದಲಿನ ಚರ್ಮ, ಗಂಟೆ ಕಟ್ಟಿಕೊಂಡ, ಕ್ರಾಂಪುಸ್ ಎನ್ನುವ ದೆವ್ವದ ವೇಷಗಳು ಆಗ ಬೀದಿಗೆ ಬರುತ್ತವೆ. ನಮ್ಮ ಕಡೆಯ ಸೋಮನ ಮುಖವಾಡ ಕಂಡರೇ ಅಳುವ ಮಗುವಾದರೆ ಆ ಮೆರವಣಿಗೆಯಿಂದ ದೂರ ಇರಿ.

2. ವೀಸಾ

ಷೆಂಗೆನ್ ವೀಸಾಕ್ಕೆ (ಆಸ್ಟ್ರಿಯಾ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಪ್ರಯಾಣದ ದಿನಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬಂದರೆ 45 ದಿನ ಹಿಡಿಯಬಹುದು. ಡಿಸೆಂಬರ್ ಪ್ರವಾಸಕ್ಕೆ ಸೆಪ್ಟೆಂಬರ್‌ನಲ್ಲೇ ವೀಸಾ ಅರ್ಜಿ ಪಡೆಯುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಸಮಯ ಗೊತ್ತುಮಾಡಿಕೊಳ್ಳಿ. ದಸರಾ, ದೀಪಾವಳಿ ರಜೆಗಳು ನಡುವೆ ಬಂದು ವಾರಗಟ್ಟಲೆ ತಿನ್ನುತ್ತವೆ.

ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಆರರೊಳಗಿನವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ. 12 ವರ್ಷದೊಳಗಿನ ಮಕ್ಕಳ ಬೆರಳಚ್ಚು ತೆಗೆಯುವುದಿಲ್ಲ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾಗುವ ದಿನದಿಂದ ಇನ್ನೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷದ ಆಯಸ್ಸು. ಅಪ್ಪ ಅಮ್ಮನದನ್ನು ನೋಡಿ ಸಮಾಧಾನಪಟ್ಟು ಮಗುವಿನದನ್ನು ಮರೆಯುವುದು ತೀರಾ ಸಾಮಾನ್ಯ, ಇವತ್ತೇ ತೆಗೆದು ನೋಡಿ.

ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು ಮತ್ತು ಇಡೀ ಷೆಂಗೆನ್ ಪ್ರದೇಶಕ್ಕೆ ಅನ್ವಯಿಸಬೇಕು. ಮಕ್ಕಳಿಗೆ ಜನನ ಪ್ರಮಾಣಪತ್ರ, ಶಾಲೆಯ ರಜೆ ಪತ್ರ ಸೇರಿಸಿ. ಅಪ್ಪ ಅಥವಾ ಅಮ್ಮ ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕು. ಅಜ್ಜ ಅಜ್ಜಿಯ ಖರ್ಚು ಮಗ ಮಗಳು ನೋಡಿಕೊಳ್ಳುವುದಾದರೆ ಅದನ್ನು ಬರಹದಲ್ಲಿ ಹೇಳಿ, ಹಣ ಹಾಕುವವರ ಬ್ಯಾಂಕ್ ಪಟ್ಟಿಯನ್ನು ಅವರ ಅರ್ಜಿಗೂ ಲಗತ್ತಿಸಿ. ಪ್ರಾಗ್, ಬುಡಾಪೆಸ್ಟನ್ನೂ ಸೇರಿಸಿಕೊಂಡಿದ್ದರೆ, ಹೆಚ್ಚು ರಾತ್ರಿ ಎಲ್ಲಿ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಹೋಗಬೇಕು.

3. ವಿಮಾನ

ಬೆಂಗಳೂರಿನಿಂದ ವಿಯೆನ್ನಾಕ್ಕೆ ನೇರ ವಿಮಾನ ಇಲ್ಲ. ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ಬದಲಿಸಿದರೆ ಷೆಂಗೆನ್ ಪ್ರವೇಶದ ತಪಾಸಣೆ ಅಲ್ಲೇ ಆಗುತ್ತದೆ. ದುಬೈ, ದೋಹಾ ಮೂಲಕ ಹೋದರೆ ವಿಯೆನ್ನಾದಲ್ಲಿ. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಗಳಲ್ಲಿ ಮುಖದ ಚಿತ್ರ, ಬೆರಳಚ್ಚು ತೆಗೆದುಕೊಳ್ಳುವ ಹೊಸ ಗಣಕ ವ್ಯವಸ್ಥೆ ಹಂತಹಂತವಾಗಿ ಬಂದಿದೆ, ಸಾಲು ಉದ್ದವಾಗಬಹುದು. ಜರ್ಮನಿಯಲ್ಲಿ ವಿಮಾನ ಬದಲಿಸುವವರು ಎರಡೂವರೆಯಿಂದ ಮೂರು ಗಂಟೆ ಬಿಡುವು ಇಟ್ಟುಕೊಳ್ಳಿ. ಒಂದೂಕಾಲು ಗಂಟೆಯ ಅಗ್ಗದ ಜೋಡಣೆ ಗಾಲಿಕುರ್ಚಿಯ ಅಜ್ಜ ಇರುವ ಕುಟುಂಬಕ್ಕೆ ಹೇಳಿದ್ದಲ್ಲ.

ಎರಡೂ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿ ಇರಲಿ. ಬೇರೆಬೇರೆ ಕೊಂಡು ಮೊದಲ ವಿಮಾನ ತಡವಾದರೆ ಎರಡನೆಯದರ ದುಡ್ಡು ನಿಮ್ಮದೇ ನಷ್ಟ. ಹೊಳೆಯುವ ದೀಪ ನೋಡಲು ಹೋಗುವ ಕಾಲದಲ್ಲೇ ಮಂಜು, ಹಿಮದಿಂದ ವಿಮಾನ ತಡವಾಗುವುದೂ ಹೆಚ್ಚು.

4. ತಂಗುವ ಜಾಗ

ವಿಯೆನ್ನಾದಲ್ಲಿ 23 ಬಡಾವಣೆಗಳಿವೆ, ಅಂಚೆ ಸಂಖ್ಯೆಯ ನಡುವಿನ ಎರಡು ಅಂಕಿಯೇ ಬಡಾವಣೆಯ ಸಂಖ್ಯೆ. 1070 ಎಂದರೆ ಏಳನೆಯದು, 1030 ಎಂದರೆ ಮೂರನೆಯದು. ಒಂದನೆಯದು ಹಳೆಯ ಊರಿನ ನಡುಭಾಗ, ದುಬಾರಿ. ಕುಟುಂಬಕ್ಕೆ 3, 4, 7 ಅಥವಾ 2ನೆಯ ಬಡಾವಣೆಯಲ್ಲಿ, ಊ-ಬಾನ್ ಎನ್ನುವ ಮೆಟ್ರೋ ನಿಲ್ದಾಣಕ್ಕೆ ಐದು ನಿಮಿಷದ ನಡಿಗೆಯಲ್ಲಿ ಅಡುಗೆಮನೆ ಇರುವ ಫ್ಲಾಟ್ ಹಿಡಿಯುವುದು ಸರಿ. ಯು3 ಅಥವಾ ಯು4 ಸಾಲಿನ ಹತ್ತಿರ ಇದ್ದರೆ ನೋಡಬೇಕಾದ ಹೆಚ್ಚಿನ ಜಾಗಗಳಿಗೆ ಒಂದೇ ಸವಾರಿ.

ಕಾಯ್ದಿರಿಸುವ ಮುಂಚೆ ಕೇಳಬೇಕಾದದ್ದು ಮೂರು. ಲಿಫ್ಟ್ ಇದೆಯೇ, ಅದು ನೆಲಮಟ್ಟದಿಂದಲೇ ಶುರುವಾಗುತ್ತದೆಯೇ? ಹಳೆಯ ಕಟ್ಟಡಗಳಲ್ಲಿ ಅರ್ಧ ಮಹಡಿ ಹತ್ತಿದ ಮೇಲೆ ಲಿಫ್ಟ್ ಸಿಗುವುದುಂಟು. ಕೋಣೆಯಲ್ಲಿ ಮಕ್ಕಳನ್ನೂ ಸೇರಿಸಿ ಎಷ್ಟು ಜನಕ್ಕೆ ಅನುಮತಿ? ನಮ್ಮಲ್ಲಿನಂತೆ ಹೆಚ್ಚುವರಿ ಹಾಸಿಗೆ ಹಾಸಿಸಿಕೊಳ್ಳಲು ಅಲ್ಲಿ ಬಿಡುವುದಿಲ್ಲ. ಬೆಳಗ್ಗೆ ಬೇಗ ತಲುಪಿದರೆ ಪೆಟ್ಟಿಗೆ ಇಡಲು ಜಾಗ ಕೊಡುತ್ತಾರೆಯೇ?

5. ಬಟ್ಟೆ

ಹಗಲಿನ ಉಷ್ಣತೆ 2ರಿಂದ 5 ಡಿಗ್ರಿ, ರಾತ್ರಿ ಸೊನ್ನೆಗಿಂತ ಕೆಳಗೆ. ಅಂಕಿ ನೋಡಿ ಹೆದರಬೇಕಿಲ್ಲ. ವಿಯೆನ್ನಾದಲ್ಲಿ ಕಷ್ಟ ಕೊಡುವುದು ಗಾಳಿ ಮತ್ತು ಒದ್ದೆ. ಬೆಂಗಳೂರಿನ ದಪ್ಪ ಉಣ್ಣೆ ಸ್ವೆಟರಿನ ಕಣ್ಣುಗಳಲ್ಲಿ ಗಾಳಿ ನೇರ ನುಗ್ಗುತ್ತದೆ. ಅದರ ಮೇಲೆ ಗಾಳಿ ತಡೆಯುವ, ಸೊಂಟದ ಕೆಳಗೆ ಬರುವ ಜಾಕೆಟ್ ಇಲ್ಲದಿದ್ದರೆ ಎರಡು ಸ್ವೆಟರ್ ಹಾಕಿಕೊಂಡರೂ ನಡುಕ ನಿಲ್ಲದು.

ಪದರ ಮೂರು. ಮೈಗಂಟಿದ ಥರ್ಮಲ್, ನಡುವೆ ಉಣ್ಣೆ ಅಥವಾ ಫ್ಲೀಸ್, ಮೇಲೆ ಜಾಕೆಟ್. ಒಳಪದರಕ್ಕೆ ಹತ್ತಿ ಬೇಡ. ಬೆವರು ಹೀರಿಕೊಂಡ ಹತ್ತಿ ಒಣಗದೆ ತಣ್ಣಗೆ ಮೈಗೆ ಅಂಟಿಕೊಳ್ಳುತ್ತದೆ. ಮಕ್ಕಳು ಚಳಿಗೆ ನಡುಗುವುದು ಬಹುತೇಕ ಹೀಗೆ: ಮ್ಯೂಸಿಯಂ, ಮೆಟ್ರೋಗಳ ಒಳಗೆ 21-22 ಡಿಗ್ರಿ ಸೆಕೆ, ಜಾಕೆಟ್ ತೆಗೆಸದೆ ಸುತ್ತಿಸಿದರೆ ಒಳಗೆಲ್ಲ ಬೆವರು, ಹೊರಗೆ ಬಂದೊಡನೆ ಚಳಿಗಾಳಿ. ಕಟ್ಟಡ ಹೊಕ್ಕ ಎರಡು ನಿಮಿಷದಲ್ಲಿ ಮೇಲಿನ ಪದರ ಬಿಚ್ಚಿಸಿ. ಮ್ಯೂಸಿಯಂಗಳಲ್ಲಿ ಕೋಟು, ಬೆನ್ನುಚೀಲ ಇಡಲು ಜಾಗ ಇದ್ದೇ ಇರುತ್ತದೆ.

ಒಬ್ಬರಿಗೆ ಥರ್ಮಲ್ ಎರಡು ಜೊತೆ (ರಾತ್ರಿ ಒಗೆದು ಹೀಟರ್ ಬಳಿ ಹರವಿದರೆ ಬೆಳಗ್ಗೆ ಒಣಗಿರುತ್ತದೆ), ಉಣ್ಣೆ ಕಾಲುಚೀಲ ನಾಲ್ಕು ಜೊತೆ, ಕಿವಿ ಮುಚ್ಚುವ ಟೊಪ್ಪಿ, ಕೊರಳಿಗೆ ಮಫ್ಲರ್. ಮಂಕಿ ಕ್ಯಾಪ್ ಹಾಕಲು ಅಜ್ಜನಿಗೆ ಯಾವ ಮುಜುಗರವೂ ಬೇಡ, ಆ ಗಾಳಿಗೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಮಕ್ಕಳ ಕೈಗವಸು ಎರಡು ಜೊತೆ ಬೇಕೇ ಬೇಕು, ಒಂದು ಒದ್ದೆಯಾಗುತ್ತದೆ ಇಲ್ಲವೇ ಟ್ರಾಮಿನಲ್ಲಿ ಉಳಿಯುತ್ತದೆ.

ಶೂ ಅರ್ಧ ಅಳತೆ ದೊಡ್ಡದಾಗಿರಲಿ. ಬಿಗಿ ಶೂವಿಗೆ ಎರಡು ಕಾಲುಚೀಲ ತುರುಕಿದರೆ ಗಾಳಿಯ ಪದರಕ್ಕೆ ಜಾಗವಿಲ್ಲದೆ, ರಕ್ತದ ಓಟವೂ ತಗ್ಗಿ ಪಾದ ಇನ್ನಷ್ಟು ಮರಗಟ್ಟುತ್ತದೆ. ಅಡಿಯಲ್ಲಿ ಆಳದ ಗೀರುಗಳಿರುವ, ನೀರು ಹೊಗದ ಶೂ ಬೇಕು, ಹಳೆಯ ಊರಿನ ಕಲ್ಲುಹಾಸು ಒದ್ದೆಯಾದಾಗ ಜಾರುತ್ತದೆ. ಹಿರಿಯರ ಶೂಗಳಿಗೆ ಈ ಒಂದು ವಿಷಯದಲ್ಲಿ ದುಡ್ಡು ಉಳಿಸಬೇಡಿ. ಒಂದು ತಿಂಗಳ ಮುಂಚೆ ಕೊಂಡು ದಿನಾ ಅರ್ಧ ಗಂಟೆ ಹಾಕಿಕೊಂಡು ನಡೆಯಲಿ.

ತುಟಿಗೆ ಮುಲಾಮು, ಕೈಕಾಲಿಗೆ ಕೊಬ್ಬರಿ ಎಣ್ಣೆ ಅಥವಾ ಕ್ರೀಮ್ ಮರೆಯಬೇಡಿ (ಅಲ್ಲಿನ ಚಳಿಗೆ ಎಣ್ಣೆ ಗಟ್ಟಿಯಾಗುತ್ತದೆ, ಅಗಲ ಬಾಯಿಯ ಡಬ್ಬಿಯಲ್ಲಿ ಹಾಕಿ). ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿ ಹೋಗುವುದಿಲ್ಲ, ಯುರೋಪಿನ ಎರಡು ದುಂಡು ಕಡ್ಡಿಯ ಅಡಾಪ್ಟರ್ ಬೇಕು. ಮೊಬೈಲನ್ನು ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಕೂರುತ್ತದೆ.

6. ಪೆಟ್ಟಿಗೆಯಲ್ಲಿ ಯಾವ ತಿಂಡಿ ಹೋಗಬಹುದು, ಯಾವುದು ಬೇಡ

ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ಅಂದರೆ ತುಪ್ಪದ ಡಬ್ಬಿ, ಧಾರವಾಡ ಪೇಡ, ಖೋವಾದ ಸಿಹಿ, ಪನೀರ್ ಮನೆಯಲ್ಲೇ ಉಳಿಯಬೇಕು. ಹಸಿ ಕರಿಬೇವು, ಹಸಿಮೆಣಸಿನಕಾಯಿ ಕೂಡ ಬೇಡ. ಶಿಶುಗಳ ಹಾಲಿನ ಪುಡಿಗೆ ಎರಡು ಕಿಲೋವರೆಗೆ ವಿನಾಯಿತಿ ಇದೆ.

ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಎಣ್ಣೆಯಲ್ಲಿ ಕರಿದ ಚಕ್ಕುಲಿ, ಒಣ ಚಪಾತಿ, ರವೆ ಹುರಿದಿಟ್ಟ ಉಪ್ಪಿಟ್ಟಿನ ಮಿಶ್ರಣ ಹೋಗಬಹುದು. ಮಿಶ್ರಣದ ಪೊಟ್ಟಣದಲ್ಲಿ ಹಾಲಿನ ಪುಡಿ, ತುಪ್ಪ ಇದೆಯೇ ಎಂದು ಓದಿ. ನಾಲ್ಕು ಜನಕ್ಕೆ ಆರು ದಿನಕ್ಕೆ ಒಂದು ಕಿಲೋ ಅವಲಕ್ಕಿ, ಅರ್ಧ ಕಿಲೋ ರವೆ, ಕಾಲು ಕಿಲೋ ಚಟ್ನಿಪುಡಿ ಧಾರಾಳ. ಅಕ್ಕಿ, ಮೊಸರು, ಹಾಲು, ಹಣ್ಣು ಅಲ್ಲಿನ ಬಿಲ್ಲಾ, ಸ್ಪಾರ್, ಹೋಫರ್ ಅಂಗಡಿಗಳಲ್ಲಿ ಸಿಗುತ್ತವೆ. ಮೊಸರಿಗೆ ‘ನಾಟುರ್‌ಯೋಗುರ್ಟ್’ ಎಂದು ಬರೆದಿರುವ ಡಬ್ಬಿ ನೋಡಿ, ಬರೀ ಯೋಗುರ್ಟ್ ಎಂದು ಎತ್ತಿಕೊಂಡರೆ ಸಿಹಿ ಹಾಕಿದ ಹಣ್ಣಿನದು ಬರಬಹುದು.

ಸೂಪರ್‌ಮಾರ್ಕೆಟ್‌ಗಳು ಶನಿವಾರ ಸಂಜೆ 6ಕ್ಕೆ ಮುಚ್ಚಿದರೆ ಸೋಮವಾರ ಬೆಳಗ್ಗೆಯೇ ತೆರೆಯುವುದು. ಭಾನುವಾರ ತಲುಪುವವರು ವಿಮಾನ ನಿಲ್ದಾಣದ ಅಥವಾ ಹೌಪ್ಟ್‌ಬಾನ್‌ಹೋಫ್ ಎನ್ನುವ ಮುಖ್ಯ ರೈಲು ನಿಲ್ದಾಣದ ಅಂಗಡಿಯಲ್ಲೇ ಹಾಲು, ಬ್ರೆಡ್ಡು ಹಿಡಿದು ಮನೆ ಸೇರಿ. ಕುಡಿಯುವ ನೀರು ಕೊಳ್ಳಬೇಡಿ. 1873ರಿಂದ ಈ ಊರಿಗೆ ಆಲ್ಪ್ಸ್ ಬೆಟ್ಟದ ಚಿಲುಮೆ ನೀರು ಕೊಳವೆಯಲ್ಲಿ ಬರುತ್ತಿದೆ, ನಲ್ಲಿಯಿಂದಲೇ ಕುಡಿಯಬಹುದು. ಕುದಿಸಿ ಫ್ಲಾಸ್ಕಿಗೆ ತುಂಬಿಕೊಂಡರೆ ಮಾರುಕಟ್ಟೆಯಲ್ಲಿ ಹಿರಿಯರಿಗೆ ಆಗಾಗ ಒಂದು ಗುಟುಕು ಬಿಸಿನೀರು.

7. ಊರೊಳಗಿನ ಓಡಾಟ

ವಿಮಾನ ನಿಲ್ದಾಣದಿಂದ ರೈಲ್‌ಜೆಟ್ ಹತ್ತಿದರೆ ಸುಮಾರು 15 ನಿಮಿಷಕ್ಕೆ ಮುಖ್ಯ ರೈಲು ನಿಲ್ದಾಣ. ಇದು ಆಸ್ಟ್ರಿಯಾ ರೈಲ್ವೆ ಓಬಿಬಿಯ ಸಾಮಾನ್ಯ ರೈಲು, ದುಬಾರಿ ವಿಶೇಷ ರೈಲು ಬೇಕಿಲ್ಲ. ಊರಿನ ಟಿಕೆಟ್ ವಿಮಾನ ನಿಲ್ದಾಣದವರೆಗೆ ಅನ್ವಯಿಸುವುದಿಲ್ಲ, ಆ ತುಂಡಿಗೆ ಬೇರೆ ಕೊಳ್ಳಬೇಕು.

ಊರೊಳಗೆ ಮೆಟ್ರೋ, ಟ್ರಾಮ್, ಬಸ್ಸು ಎಲ್ಲಕ್ಕೂ ಒಂದೇ ಟಿಕೆಟ್. ಐದು ದಿನ ಇರುವ ದೊಡ್ಡವರಿಗೆ ಏಳು ದಿನದ್ದು ಲಾಭ. ಆರರೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಭಾನುವಾರ ಮತ್ತು ರಜೆ ದಿನಗಳಲ್ಲಿ 15ರೊಳಗಿನವರಿಗೂ ಬೇಡ, ವಯಸ್ಸಿನ ದಾಖಲೆ ಜೊತೆಗಿರಲಿ. ಗೇಟು ಇಲ್ಲ, ತಡೆಯುವವರಿಲ್ಲ. ಹಾಗೆಂದೇ ಹೊಸಬರು ಕಾಗದದ ಟಿಕೆಟ್ಟನ್ನು ನೀಲಿ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿಸಲು ಮರೆಯುತ್ತಾರೆ. ಮುದ್ರೆ ಇಲ್ಲದ ಟಿಕೆಟ್ ಟಿಕೆಟ್ಟೇ ಅಲ್ಲ, ಸಾದಾ ಉಡುಪಿನ ತಪಾಸಕರು ಹಿಡಿದರೆ ಒಬ್ಬರಿಗೆ 100 ಯೂರೋಗೂ ಮೇಲೆ ದಂಡ.

8. ದಿನದಿನದ ಯೋಜನೆ

ಚಳಿಗಾಲದಲ್ಲಿ ವಿಯೆನ್ನಾ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮೊದಲ ಮೂರು ದಿನ ಮಕ್ಕಳು ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರೆ, ಸಂಜೆ ಏಳಕ್ಕೆ ತೂಗಡಿಸುತ್ತಾರೆ. ಬೇಸಿಗೆಯಲ್ಲಾದರೆ ಇದು ತೊಂದರೆ, ಡಿಸೆಂಬರ್‌ನಲ್ಲಿ ವರ. ನಾಲ್ಕಕ್ಕೆ ದೀಪ ಹತ್ತುತ್ತದೆ, ಆರಕ್ಕೆ ಕೆಲಸ ಬಿಟ್ಟವರ ಜನಜಂಗುಳಿ ಬರುವ ಮುಂಚೆ ನೀವು ಮಾರುಕಟ್ಟೆ ಮುಗಿಸಿ ಮನೆಯಲ್ಲಿರುತ್ತೀರಿ.

ಸೋಮವಾರ ನಿಸರ್ಗ ಇತಿಹಾಸ ಮ್ಯೂಸಿಯಂ. ಇದಕ್ಕೆ ಮಂಗಳವಾರ ರಜೆ, ಎದುರಿನ ಕಲಾ ಇತಿಹಾಸ ಮ್ಯೂಸಿಯಂಗೆ ರೂಢಿಯಂತೆ ಸೋಮವಾರ ರಜೆ. ಈ ಎರಡನ್ನೂ ತಿರುವುಮುರುವು ಮಾಡಿಕೊಂಡು ಬಾಗಿಲಿನಿಂದ ಮರಳುವವರು ಬಹಳ. ಡೈನೋಸಾರ್ ಅಸ್ಥಿಪಂಜರ ನೋಡಲು ಮಕ್ಕಳು ಓಡುತ್ತಾರೆ. ನೀವು 1908ರಲ್ಲಿ ಸಿಕ್ಕ ವಿಲ್ಲೆನ್‌ಡಾರ್ಫ್‌ನ ವೀನಸ್ ಎದುರು ನಿಲ್ಲಿ. ಕೇವಲ 11 ಸೆಂಟಿಮೀಟರ್ ಎತ್ತರದ, ಮೂವತ್ತು ಸಾವಿರ ವರ್ಷದಷ್ಟು ಹಳೆಯ ಕಲ್ಲಿನ ಹೆಣ್ಣು ಅವಳು. ಎರಡೂ ಮ್ಯೂಸಿಯಂಗಳಲ್ಲಿ 19ರೊಳಗಿನವರಿಗೆ ಉಚಿತ. ಹೊರಬಂದರೆ ಮರಿಯಾ ತೆರೇಸಿಯಾ ಚೌಕದ ಮಾರುಕಟ್ಟೆ ಕಾಲಬುಡದಲ್ಲೇ. ಶಕ್ತಿ ಉಳಿದಿದ್ದರೆ ಟ್ರಾಮಿನಲ್ಲಿ ರಾಟ್‌ಹೌಸ್‌ಪ್ಲಾಟ್ಸ್‌ಗೆ ಹೋಗಿ, ಮಂಜುಗಡ್ಡೆಯ ಮೇಲೆ ಜಾರುವ ಅಂಕಣ, ಕೆಂಪು ಹೃದಯಗಳು ಹೊಳೆಯುವ ಮರ ಅಲ್ಲಿವೆ.

ಮಂಗಳವಾರ ಶೋನ್‌ಬ್ರುನ್. ಬೆಳಗಿನ ಮೊದಲ ಪ್ರವೇಶ ಸಮಯಕ್ಕೆ ಟಿಕೆಟ್ ಆನ್‌ಲೈನ್‌ನಲ್ಲಿ ಕೊಂಡಿರಿ. ಅರಮನೆಯಲ್ಲಿ 1,441 ಕೋಣೆಗಳಿದ್ದು ತೋರಿಸುವುದು ನಲವತ್ತರಷ್ಟು, ಅಷ್ಟಕ್ಕೂ ಮಕ್ಕಳಿಗೆ ತಾಳ್ಮೆ ಇರುವುದಿಲ್ಲ. ಚಿಕ್ಕ ಸುತ್ತು ಸಾಕು, ಉಳಿದ ಹೊತ್ತನ್ನು ರಾಜರ ಉಡುಪು ತೊಟ್ಟು ನೋಡುವ ಮಕ್ಕಳ ಮ್ಯೂಸಿಯಂಗೆ ಕೊಡಿ. ಮಧ್ಯಾಹ್ನಕ್ಕೆ ಅದೇ ಆವರಣದ ಮೃಗಾಲಯ. 1752ರಲ್ಲಿ ಶುರುವಾದ ಇದು ಇಂದಿಗೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಅತ್ಯಂತ ಹಳೆಯದು. ಚಳಿಗಾಲದಲ್ಲಿ 4.30ಕ್ಕೆ ಮುಚ್ಚುತ್ತದೆ, ಆದ್ದರಿಂದ ಮಧ್ಯಾಹ್ನ ಒಂದು ಗಂಟೆಗೆ ಮುಂಚೆ ಒಳಗಿರಬೇಕು. ಚಳಿ ಹೆಚ್ಚಾದಾಗ ಮಳೆಕಾಡಿನ ಮನೆ, ಮೀನುಗಳ ಮನೆ ಬೆಚ್ಚಗಿರುತ್ತವೆ. ಕೊನೆಗೆ ಅರಮನೆಯ ಅಂಗಳದ ಮಾರುಕಟ್ಟೆ. ಅಜ್ಜ ಅಜ್ಜಿಗೆ ಇದು ನಡಿಗೆಯ ದಿನ, ಹಿಂದಿನ ಸಂಜೆ ಅವರನ್ನು ದಣಿಸಬೇಡಿ.

ಬುಧವಾರ ಹಳೆಯ ಊರು. ಸ್ಟೆಫಾನ್ಸ್‌ಡೋಮ್ ಚರ್ಚಿನ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು, ಉತ್ತರ ಗೋಪುರಕ್ಕೆ ಲಿಫ್ಟ್ ಇದೆ. ಇಪ್ಪತ್ತು ಟನ್ನಿನ ಪುಮ್ಮೆರಿನ್ ಗಂಟೆ ಇರುವುದೂ ಉತ್ತರದಲ್ಲೇ. ಕುಟುಂಬ ಇಲ್ಲಿ ಎರಡು ಪಾಲಾಗಿ, ಅರ್ಧ ಗಂಟೆಗೆ ಚರ್ಚಿನ ಮುಖ್ಯ ಬಾಗಿಲಲ್ಲಿ ಸೇರಬಹುದು. ಸಂಜೆ ಗ್ರಾಬೆನ್ ಬೀದಿಯ ಮೇಲೆ ತೂಗುವ ದೈತ್ಯ ದೀಪಗುಚ್ಛಗಳ ಕೆಳಗೆ ನಡೆದು ಆಮ್ ಹೋಫ್, ಫ್ರೈಯುಂಗ್ ಚೌಕಗಳ ಮಾರುಕಟ್ಟೆಗೆ. ಕೈಕಸುಬಿನ ಒಳ್ಳೆಯ ವಸ್ತು ಬೇಕಾದವರಿಗೆ ರಾಟ್‌ಹೌಸ್‌ಗಿಂತ ಇವೇ ಮೇಲು.

ಗುರುವಾರವನ್ನು ಹಿಮಕ್ಕೆಂದು ಸಡಿಲವಾಗಿ ಇಡಿ. ವಿಯೆನ್ನಾದಲ್ಲಿ ಡಿಸೆಂಬರ್‌ನಲ್ಲಿ ಹಿಮ ಬಿದ್ದೇ ಬೀಳುತ್ತದೆ ಎಂದು ಮಕ್ಕಳಿಗೆ ಮಾತು ಕೊಡಬೇಡಿ, ಎಷ್ಟೋ ಸಲ ಬರೀ ಬೂದು ಮೋಡ. ಬುಧವಾರ ರಾತ್ರಿ ಹವಾಮಾನ ನೋಡಿ, ಬೆಟ್ಟದಲ್ಲಿ ಹಿಮ ಇದ್ದರೆ ಸೆಮ್ಮರಿಂಗ್‌ಗೆ ರೈಲು ಹತ್ತಿ, ಒಂದೂಕಾಲರಿಂದ ಒಂದೂವರೆ ಗಂಟೆ. 1854ರಲ್ಲಿ ಮುಗಿದ 41 ಕಿಲೋಮೀಟರಿನ ಈ ಬೆಟ್ಟದ ಹಳಿ ಯುನೆಸ್ಕೋ ಪಟ್ಟಿಯಲ್ಲಿದೆ, ಕಲ್ಲಿನ ಎತ್ತರದ ಸೇತುವೆಗಳ ಮೇಲೆ ಹೋಗುವಾಗ ಕಿಟಕಿ ಬಿಟ್ಟು ಕದಲಲು ಮನಸ್ಸಾಗದು. ಹಿಮ ಇಲ್ಲದಿದ್ದರೆ ಊರಿನ ತಾಂತ್ರಿಕ ಮ್ಯೂಸಿಯಂ, ಪುಟ್ಟ ಮಕ್ಕಳಿಗೆ ಅಲ್ಲಿ ಬೇರೆಯೇ ಆಟದ ವಿಭಾಗ ಇದೆ.

ಶುಕ್ರವಾರ ಬೆಳಗ್ಗೆ ಮೇಲಿನ ಬೆಲ್ವೆಡೇರ್ ಅರಮನೆಯಲ್ಲಿ ಚಿತ್ರಕಾರ ಕ್ಲಿಮ್ಟ್‌ನ ‘ಮುತ್ತು’ (ಚುಂಬನ) ಚಿತ್ರ, ಮಧ್ಯಾಹ್ನ ಕಾರ್ಲ್ಸ್‌ಪ್ಲಾಟ್ಸ್. ಚರ್ಚಿನ ಮುಂದೆ ಹುಲ್ಲು ಹರಡಿ ಮಕ್ಕಳನ್ನು ಹೊರಳಾಡಲು ಬಿಟ್ಟಿರುತ್ತಾರೆ, ಊಟ ಸಾವಯವ. ಕುಟುಂಬಕ್ಕೆ ಒಂದೇ ಮಾರುಕಟ್ಟೆ ಆರಿಸಬೇಕೆಂದರೆ ಇದನ್ನೇ ಆರಿಸಿ.

9. ಮಾರುಕಟ್ಟೆಯಲ್ಲಿ ತಿನ್ನುವುದು, ಕೊಳ್ಳುವುದು

ಇಲ್ಲಿನ ಬಿಸಿ ಪಾನೀಯಗಳಾದ ಗ್ಲೂವೈನ್, ಪುನ್ಶ್ ಎರಡರಲ್ಲೂ ಮದ್ಯ ಇರುತ್ತದೆ. ಮಕ್ಕಳಿಗೆ, ಮದ್ಯ ಬೇಡದವರಿಗೆ ‘ಕಿಂಡರ್‌ಪುನ್ಶ್’ ಎಂದೇ ಹೇಳಿ ಕೇಳಿ, ಬಿಸಿ ಹಣ್ಣಿನ ರಸಕ್ಕೆ ಚಕ್ಕೆ ಲವಂಗ ಹಾಕಿದ್ದು. ಪಿಂಗಾಣಿ ಲೋಟಕ್ಕೆ ಕೆಲವು ಯೂರೋ ಠೇವಣಿ ಹಿಡಿಯುತ್ತಾರೆ. ಲೋಟ ಹಿಂತಿರುಗಿಸಿದರೆ ದುಡ್ಡು ಬರುತ್ತದೆ, ಆದರೆ ಅದೇ ಮಾರುಕಟ್ಟೆಯಲ್ಲಿ ಮಾತ್ರ.

ಸಸ್ಯಾಹಾರಿಗಳಿಗೆ ಕಣ್ಣು ಮುಚ್ಚಿ ಕೊಳ್ಳಬಹುದಾದದ್ದು ಕೆಂಡದಲ್ಲಿ ಸುಟ್ಟ ಚೆಸ್ಟ್‌ನಟ್, ಸಕ್ಕರೆಯಲ್ಲಿ ಹುರಿದ ಬಾದಾಮಿ. ಉಳಿದವಕ್ಕೆ ಕೇಳಿಯೇ ಮುಂದುವರಿಯಿರಿ. ಆಲೂ ತುರಿದು ಕರಿದ ಪುಫರ್‌ನಲ್ಲಿ ಮೊಟ್ಟೆ ಇರುತ್ತದೆ, ಕರಿಯುವ ಕೊಬ್ಬು ಹಂದಿಯದಾಗಿರಬಹುದು. ಅದಕ್ಕೆ ಜರ್ಮನ್‌ನಲ್ಲಿ ‘ಶ್ಮಾಲ್ಟ್ಸ್’ ಎನ್ನುತ್ತಾರೆ, ಆ ಪದ ಕಂಡಲ್ಲಿ ನಿಲ್ಲಿ. ಚೀಸ್ ಹಾಕಿದ ಹಿಟ್ಟಿನ ತಿನಿಸುಗಳಲ್ಲಿ ‘ಶ್ಪೆಕ್’ ಎನ್ನುವ ಹಂದಿಮಾಂಸದ ಚೂರು ಸೇರಿರುತ್ತದೆ. ಹೋಟೆಲಿನ ತಿಳಿ ಸೂಪಿನಲ್ಲಿ ತುಂಡು ಕಾಣದಿದ್ದರೂ ಬೇಯಿಸಿದ ನೀರು ದನದ ಮಾಂಸದ್ದೇ ಇರುವುದು ಹೆಚ್ಚು. ‘ಓನೆ ಫ್ಲೈಶ್, ಓನೆ ಶ್ಪೆಕ್, ಓನೆ ಆಯ್’ ಎಂದರೆ ಮಾಂಸ, ಶ್ಪೆಕ್, ಮೊಟ್ಟೆ ಬೇಡ. ಚೀಟಿಯಲ್ಲಿ ಬರೆದು ತೋರಿಸಿದರೂ ಸಾಕು.

ಎಲ್ಲ ಮಳಿಗೆಯಲ್ಲೂ ಕಾರ್ಡ್ ನಡೆಯುವುದಿಲ್ಲ, ದಿನಕ್ಕೆ 40-50 ಯೂರೋ ಚಿಲ್ಲರೆ ನೋಟಿನಲ್ಲಿರಲಿ, ಶೌಚಾಲಯಕ್ಕೆ 50 ಸೆಂಟಿನ ನಾಣ್ಯಗಳೂ ಬೇಕು. ಕಾರ್ಡ್ ಯಂತ್ರ ‘ರೂಪಾಯಿಯಲ್ಲೋ ಯೂರೋದಲ್ಲೋ’ ಎಂದು ಕೇಳಿದರೆ ಯೂರೋ ಒತ್ತಿ, ರೂಪಾಯಿ ದರ ಯಾವಾಗಲೂ ಹೆಚ್ಚು.

ಜನರ ನಡುವೆ ಹೊಗುವ ಮುಂಚೆ ಪ್ರತಿ ಮಗುವಿನ ಒಳಜೇಬಿಗೆ ಅಪ್ಪ ಅಮ್ಮನ ಫೋನ್ ಸಂಖ್ಯೆ ಬರೆದ ಚೀಟಿ ಹಾಕಿ, ಕಳೆದುಹೋದರೆ ಬಂದು ನಿಲ್ಲಬೇಕಾದ ಜಾಗವನ್ನು ಬೆರಳು ಮಾಡಿ ತೋರಿಸಿ. ತುರ್ತಿಗೆ 112, ಆಂಬುಲೆನ್ಸ್ 144. ಜ್ವರದ ಮಾತ್ರೆ ಸೂಪರ್‌ಮಾರ್ಕೆಟ್‌ನಲ್ಲಿ ಸಿಗದು, ‘ಆಪೋತೇಕೆ’ ಎನ್ನುವ ಔಷಧಿ ಅಂಗಡಿಯಲ್ಲೇ ಕೊಳ್ಳಬೇಕು. ಹಿರಿಯರ ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲೇ ಒಯ್ಯಿರಿ.

10. ಹೊರಡುವ ದಿನ

ಒಂದೇ ಅಂಗಡಿಯಲ್ಲಿ ಒಂದೇ ಬಿಲ್ಲಿನಲ್ಲಿ 75 ಯೂರೋ ಮೀರಿ ಕೊಂಡಿದ್ದರೆ ತೆರಿಗೆಯ ಒಂದು ಭಾಗ ವಾಪಸು ಪಡೆಯಬಹುದು. ಕೊಳ್ಳುವಾಗಲೇ ಪಾಸ್‌ಪೋರ್ಟ್ ತೋರಿಸಿ ನಮೂನೆ ಬರೆಸಿಕೊಳ್ಳಬೇಕು, ಆಮೇಲೆ ಕೇಳಿದರೆ ಆಗದು. ಆ ಸಾಮಾನು ಇರುವ ಪೆಟ್ಟಿಗೆಯನ್ನು ವಿಮಾನ ಕಂಪನಿಗೆ ಒಪ್ಪಿಸಿಬಿಟ್ಟರೆ ಕಸ್ಟಮ್ಸ್‌ನವರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಚೆಕ್-ಇನ್ ಕೌಂಟರಿನಲ್ಲಿ ವಿಷಯ ಹೇಳಿ, ಮುದ್ರೆ ಹಾಕಿಸಿಕೊಂಡ ಮೇಲೆ ಪೆಟ್ಟಿಗೆ ಒಪ್ಪಿಸಿ. ಜರ್ಮನಿಯ ಮೂಲಕ ಮರಳುವವರು ಸಾಮಾನನ್ನು ಕೈಚೀಲದಲ್ಲಿ ಒಯ್ಯುವುದಾದರೆ ಮುದ್ರೆ ಬೀಳುವುದು ಒಕ್ಕೂಟ ಬಿಡುವ ಕೊನೆಯ ನಿಲ್ದಾಣದಲ್ಲಿ, ಅಂದರೆ ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ.

ಹಿಮದ ಗುಂಡು ಎನ್ನುವ ನೀರು ತುಂಬಿದ ಗಾಜಿನ ಆಟಿಕೆಗೆ ವಿಯೆನ್ನಾ ಹೆಸರುವಾಸಿ, ಮಕ್ಕಳು ಕೊಳ್ಳದೆ ಬಿಡುವುದಿಲ್ಲ. ಅದರೊಳಗಿನ ನೀರು 100 ಮಿಲಿಲೀಟರ್ ಮೀರಿದರೆ ಭದ್ರತಾ ತಪಾಸಣೆಯಲ್ಲಿ ತಡೆಯುತ್ತಾರೆ. ಹಿಂದಿನ ರಾತ್ರಿಯೇ ಎರಡು ಉಣ್ಣೆ ಕಾಲುಚೀಲದೊಳಗೆ ತೂರಿಸಿ, ಸ್ವೆಟರಿನ ನಡುವೆ ಇಟ್ಟು ದೊಡ್ಡ ಪೆಟ್ಟಿಗೆಗೆ ಹಾಕಿ.